ಪಹಣಿಯಲ್ಲಿ ಕಾಣದ ಗೆರೆ

2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ವಿರೂಪಾಪುರಗಡ್ಡೆಯವರ ಮೇಲ್ಮನವಿಗಳನ್ನು ವಜಾ ಮಾಡಿತು. ಅಲ್ಲಿನ ಅನಧಿಕೃತ ಕಟ್ಟಡಗಳನ್ನು ಕೆಡವಲು ಒಂದು ತಿಂಗಳ ಗಡುವು ಕೊಟ್ಟಿತು. ಮಾರ್ಚ್ ಮೊದಲ ವಾರದಲ್ಲೇ ಜೆಸಿಬಿಗಳು ನಡುಗಡ್ಡೆಗೆ ಬಂದವು. ಹಂಪಿಯ ವಿರೂಪಾಕ್ಷನ ಗುಡಿ ಕಡೆಯಿಂದ ಹೊಳೆ ದಾಟಿದರೆ ಸಿಗುತ್ತಿದ್ದ, ಭತ್ತದ ಗದ್ದೆಗಳ ಅಂಚಿಗೆ ಸಾಲಾಗಿ ಎದ್ದಿದ್ದ ರೆಸಾರ್ಟು, ಗೆಸ್ಟ್‌ಹೌಸು, ಹೋಟೆಲುಗಳು ಇಟ್ಟಿಗೆ, ತಗಡು, ಗರಿಗಳ ರಾಶಿಯಾದವು. ಆ ತಿಂಗಳ ಕೊನೆಗೆ ದೇಶಕ್ಕೆಲ್ಲ ಲಾಕ್‌ಡೌನ್ ಬಿತ್ತು. ಕೆಲಸ ಕಳೆದುಕೊಂಡವರ ಗೋಳು ಆ ದೊಡ್ಡ ಸುದ್ದಿಯಲ್ಲಿ ಮುಳುಗಿಹೋಯಿತು.

ನ್ಯಾಯಾಲಯದಲ್ಲಿ ಜಗಳ ನಡೆದದ್ದು ಒಂದು ಕಾಗದದ ಮೇಲೆ. 1988ರ ಅಕ್ಟೋಬರ್ 22ರ ಅಧಿಸೂಚನೆ ಅದು. 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಹೊರಟದ್ದು. ಅದರಲ್ಲಿ ಹೆಸರು ಹೇಳಿದ ಸ್ಮಾರಕಗಳಷ್ಟೇ ಸಂರಕ್ಷಿತ, ಉಳಿದದ್ದು ನಮ್ಮ ಪಟ್ಟಾ ಜಮೀನು ಎಂಬುದು ಮೇಲ್ಮನವಿದಾರರ ವಾದ. ಸ್ಮಾರಕ ಮಾತ್ರವಲ್ಲ, ಗಡ್ಡೆಯ ನೆಲವೆಲ್ಲ ಆ ಅಧಿಸೂಚನೆಯ ಒಳಗೆ ಬರುತ್ತದೆ ಎಂಬುದು ಸರ್ಕಾರದ ವಾದ. 2015ರಲ್ಲಿ ಹೈಕೋರ್ಟು ಸರ್ಕಾರದ ಓದನ್ನು ಒಪ್ಪಿತ್ತು. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಮೋಹನ ಎಂ. ಶಾಂತನಗೌಡರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವೂ ಅದನ್ನೇ ಎತ್ತಿಹಿಡಿಯಿತು.

ತೀರ್ಪು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಹಂಪಿಯೆಂದರೆ ಎರಡು ಗುಡಿ, ಒಂದು ಕಲ್ಲಿನ ರಥ ಅಲ್ಲ. ಹೊಳೆ, ಬಂಡೆಗುಡ್ಡ, ವಿಜಯನಗರದ ಕಾಲದಿಂದ ನೀರು ಹರಿಸುತ್ತ ಬಂದ ಕಾಲುವೆ, ಆ ನೀರು ಕುಡಿದ ಗದ್ದೆ ಎಲ್ಲ ಸೇರಿ ಅದು ಹಂಪಿ. ಒಂದೊಂದು ಮಂಟಪದ ಸುತ್ತ ತಂತಿಬೇಲಿ ಹಾಕಿ ನಡುವಿನ ನೆಲವನ್ನೆಲ್ಲ ಕಟ್ಟಡಕ್ಕೆ ಬಿಟ್ಟರೆ ಉಳಿಯುವುದು ಹಂಪಿಯಲ್ಲ. ಆದರೆ ಕಾನೂನಿನ ಲೆಕ್ಕ ಚುಕ್ತಾ ಆದ ಮಾತ್ರಕ್ಕೆ ನೀತಿಯ ಲೆಕ್ಕ ಚುಕ್ತಾ ಆಗುವುದಿಲ್ಲ. 1988ರಲ್ಲಿ ಗೆಜೆಟ್ಟಿನಲ್ಲಿ ಅಚ್ಚಾದ ಮಾತಿಗೆ ಇದೇ ಅರ್ಥ ಎಂದು ಅಂತಿಮವಾಗಿ ಹೇಳಲು 31 ವರ್ಷ ಬೇಕಾಯಿತು, ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. ಅಷ್ಟು ವರ್ಷ ಅದೇ ನೆಲದ ಮೇಲೆ ಗೋಡೆ ಎದ್ದಿತು, ಕರೆಂಟು ಬಂತು, ದೇಶವಿದೇಶದ ಅತಿಥಿಗಳು ಬಂದು ಹೋದರು. ವಕೀಲರೇ ಎರಡು ಬಗೆಯಾಗಿ ಓದಿದ ಕಾಗದವನ್ನು ಎರಡೆಕರೆ ಗದ್ದೆಯ ಒಡೆಯ ಒಂದೇ ಬಗೆಯಾಗಿ ಓದಿಕೊಂಡಿರಬೇಕಿತ್ತೆಂದು ಹೇಳುವ ಮೊದಲು ನಾವು ಸ್ವಲ್ಪ ತಡೆದು ನಿಲ್ಲಬೇಕು.

ಗಡ್ಡೆ ಖಾಲಿಯಾದ ಮೇಲೆ ವ್ಯಾಪಾರ ನಿಲ್ಲಲಿಲ್ಲ, ಜಾಗ ಬದಲಿಸಿತು. ಸಣಾಪುರ, ಆನೆಗೊಂದಿ, ಹನುಮನಹಳ್ಳಿ ಕಡೆಗೆ ಸರಿಯಿತು. ಹನುಮನಹಳ್ಳಿ ಅಂಜನಾದ್ರಿಯ ಮಗ್ಗುಲಿನ ಊರು. ಬೆಟ್ಟದ ಮೆಟ್ಟಿಲು ಹತ್ತುವ ಭಕ್ತರು ಒಂದು ಕಡೆ, ಬಂಡೆ ಹತ್ತುವ ಹುಡುಗರು ಇನ್ನೊಂದು ಕಡೆ. ನಡುವೆ ಬಾಳೆ, ಭತ್ತ. ಇಲ್ಲೂ ಹೋಮ್‌ಸ್ಟೇ ಬೋರ್ಡುಗಳು ಎದ್ದವು, ಇಲ್ಲೂ ನೋಟಿಸುಗಳು ಬಂದವು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್. ಹೊಳೆಯ ಈ ದಂಡೆಯ ಹಳ್ಳಿಗಳೂ ಅದರಲ್ಲಿವೆ. ಒಂದು ಗೆರೆಯೊಳಗಿಂದ ಎದ್ದುಹೋದವರು ಅದೇ ನಕ್ಷೆಯ ಇನ್ನೊಂದು ಗೆರೆಯೊಳಗೆ ಬಂದು ಕೂತರು.

ಈ ಗೆರೆಗಳು ಎಲ್ಲಿ ಕಾಣುತ್ತವೆ? ಹನುಮನಹಳ್ಳಿ ರಸ್ತೆಯ ಪಕ್ಕದ ಒಂದು ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ, ಉಪಗ್ರಹದ ಚಿತ್ರದ ಮೇಲೆ ಸರ್ವೆ ನಂಬರಿನ ಗೆರೆಗಳು ಮೂಡುತ್ತವೆ. ನಿಂತ ಜಾಗದ ನಂಬರು ಒತ್ತಿ, ಅದೇ ನಂಬರನ್ನು ಭೂಮಿ ತಂತ್ರಾಂಶಕ್ಕೆ ಹಾಕಿದರೆ ಪಹಣಿ ಬರುತ್ತದೆ. 9ನೇ ಕಾಲಮ್ಮಿನಲ್ಲಿ ಒಡೆಯರ ಹೆಸರು ಮತ್ತು ವಿಸ್ತೀರ್ಣ, 11ರಲ್ಲಿ ಸಾಲ ಮತ್ತು ಋಣಭಾರ, ಮುಂದೆ ಬೆಳೆ. ತೆರೆಯ ಮೇಲಿನ ಗೆರೆ ನೆಲದ ಬದುವಿಗೆ ಸರಿಯಾಗಿ ಕೂರುವುದಿಲ್ಲ, ಕೆಲವು ಕಡೆ ಪಕ್ಕದವರ ಗದ್ದೆಯೊಳಗೆ ಜಾರಿರುತ್ತದೆ. ಹಳೆಯ ಗ್ರಾಮ ನಕ್ಷೆಯನ್ನು ತಂದು ಉಪಗ್ರಹದ ಚಿತ್ರದ ಮೇಲೆ ಹೊಂದಿಸಿರುವುದರಿಂದ ಇದು ಆಗುತ್ತದೆ. ಹಳೆಯ ಅಳತೆ ಬೇರೆಯದೇ ಲೋಕ. 33 ಅಡಿಯ ಸರಪಳಿ, ಒಂದು ಸರಪಳಿಗೆ 16 ಆಣೆ, ಆ ಸರಪಳಿಯ ಚೌಕವೇ ಒಂದು ಗುಂಟೆ, ಎಂದರೆ 1089 ಚದರಡಿ. ಸರ್ವೇಯರ್ ಬಂದು ಟಿಪ್ಪಣಿ ಬಿಚ್ಚಿ, ಬಾಂದುಕಲ್ಲು ಹುಡುಕಿ, ಅಕ್ಕಪಕ್ಕದವರ ಎದುರು ಸರಪಳಿ ಹಿಡಿದಾಗಲೇ ಆ ಗೆರೆ ನೆಲಕ್ಕೆ ಇಳಿಯುವುದು. ಮೊಬೈಲಿನ ಗೆರೆ ನೋಡಿ ಬೇಲಿ ಕಿತ್ತವರ ಜಗಳಗಳು ಬೇರೆಯೇ ಒಂದು ಬರಹಕ್ಕಾಗುವಷ್ಟಿವೆ.

ನನಗೆ ಮುಖ್ಯವಾಗಿ ಕಾಣುವುದು ಬೇರೆ. ಈ ಪಹಣಿಯಲ್ಲಿ ಎಲ್ಲ ಇದೆ, ಪ್ರಾಧಿಕಾರದ ಮಾಸ್ಟರ್ ಪ್ಲಾನಿನ ವಲಯ ಇಲ್ಲ. ಆ ಗದ್ದೆ ಕೋರ್ ವಲಯದಲ್ಲಿದೆಯೋ, ಬಫರ್ ವಲಯದಲ್ಲಿದೆಯೋ, ಹೊರವಲಯದಲ್ಲಿದೆಯೋ ಎಂದು ಹೇಳುವ ಕಾಲಂ ಅದರಲ್ಲಿಲ್ಲ. ಅದಕ್ಕೆ ಬೇರೆ ನಕ್ಷೆ, ಬೇರೆ ಕಚೇರಿ. ಆ ಪ್ಲಾನಿನ ಹೆಸರು ಮಾಸ್ಟರ್ ಪ್ಲಾನ್ 2021; ಹೆಸರಿನಲ್ಲಿದ್ದ ವರ್ಷವೂ ದಾಟಿಹೋಗಿದೆ. ರೈತನ ಕೈಯಲ್ಲಿರುವ ದಾಖಲೆಯಲ್ಲಿ ಇಲ್ಲದ ಗೆರೆಯೇ ಅವನ ನೆಲದ ಬೆಲೆಯನ್ನೂ ಬಳಕೆಯನ್ನೂ ತೀರ್ಮಾನಿಸುತ್ತದೆ.

ಈ ಸೀಮೆಗೆ ಗೆರೆಗಳ ಇತಿಹಾಸವೂ ದೊಡ್ಡದು. 1956ರವರೆಗೆ ಆನೆಗೊಂದಿ ಕಡೆಯ ದಂಡೆ ಹೈದರಾಬಾದಿನ ಸೀಮೆ, ಆಚೆಯ ಹಂಪಿ ದಂಡೆ 1953ರವರೆಗೆ ಮದ್ರಾಸಿನವರ ಬಳ್ಳಾರಿ. ಒಂದೇ ಹೊಳೆಯ ಎರಡು ದಂಡೆಗೆ ಎರಡು ಸರ್ವೆ, ಎರಡು ದಫ್ತರು. ಆನೆಗೊಂದಿ ಇರುವ ಗಂಗಾವತಿ ಸೀಮೆಯಲ್ಲಿ ಹಳೆಯ ಕಾಗದ ಬಿಚ್ಚಿದರೆ ಉರ್ದು ಅಕ್ಷರ ಸಿಗುತ್ತದೆ. ಅದನ್ನು ಓದಿ ಕನ್ನಡಕ್ಕೆ ತರಬಲ್ಲವರು ಈಗ ವಿರಳ. ಹಂಪಿಯ ಅವಶೇಷಗಳ ನಕ್ಷೆಯನ್ನು ಬ್ರಿಟಿಷ್ ಸರ್ವೇಯರ್ ಕಾಲಿನ್ ಮೆಕೆಂಜಿ ಹತ್ತೊಂಬತ್ತನೇ ಶತಮಾನದ ಹೊಸ್ತಿಲಲ್ಲೇ ಬರೆಸಿದ್ದ. 1980ರಿಂದ ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ತಂಡ ಕಟ್ಟಿಕೊಂಡು ವರ್ಷವರ್ಷವೂ ಬಂದು, ನೆಲವನ್ನು ಚೌಕಗಳಾಗಿ ಭಾಗಿಸಿ, ಒಡೆದ ಮಂಟಪ, ಮಣ್ಣಲ್ಲಿ ಹೂತ ಅಡಿಪಾಯಗಳಿಗೂ ಒಂದೊಂದು ನಂಬರು ಕೊಟ್ಟು ದಾಖಲಿಸಿದರು. ದೊಡ್ಡ ಕೆಲಸ ಅದು, ಅದಕ್ಕೆ ನಾವು ಋಣಿಗಳು. ಆದರೆ ಆ ಕಲ್ಲುಗಳ ನಡುವೆ ಬದುಕುವವರ ಮನೆಗೆ ಅಷ್ಟು ನಿಚ್ಚಳವಾದ ನಂಬರು ಸಿಕ್ಕಿಲ್ಲ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದಾಗ, ಗೋಡೆಗಳನ್ನು ಕೆಡವಲು ಒಂದೆರಡು ದಿನ ಸಾಕಾಯಿತು. ಬದಲಿ ನೆಲೆಯ ಮಾತಿಗೆ ವರ್ಷಗಳೇ ಹಿಡಿದವು.

ಈಗ ಹನುಮನಹಳ್ಳಿಯಂಥ ಊರಿನ ಒಂದು ಸನ್ನಿವೇಶವನ್ನು ಮುಂದಿಟ್ಟುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ವಿಚಾರಕ್ಕಾಗಿ ನಾನೇ ಜೋಡಿಸಿದ್ದು. ಆದರೆ ಇದರ ತುಣುಕುಗಳು ಆ ದಾರಿಯಲ್ಲಿ ಓಡಾಡುವವರಿಗೆ ಗುರುತಿನವೇ. ಗಂಡ ಸತ್ತ ಒಬ್ಬ ಹೆಣ್ಣುಮಗಳಿಗೆ ರಸ್ತೆ ಬದಿಗೆ ಎರಡೆಕರೆ ಗದ್ದೆ ಇದೆ. ಪಹಣಿ ಇನ್ನೂ ಸತ್ತ ಮಾವನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ದೊಡ್ಡ ಊರಿನಿಂದ ಬಂದವನೊಬ್ಬ ಅಲ್ಲಿ ಹತ್ತು ಕೋಣೆ ಕಟ್ಟಬೇಕೆಂದಿದ್ದಾನೆ. ನಡುವೆ ಊರಿನದೇ ಹುಡುಗ, ಅವಳ ಗಂಡನ ಅಣ್ಣನ ಮಗ.

"ಚಿಗವ್ವ, ಹೊಲ ನಿಂದಾ ಇರ್ತೈತಿ. ಹತ್ತ್ ವರ್ಷ ಲೀಸ್ ಅಷ್ಟ. ವರ್ಷಾ ರೊಕ್ಕ ಮನೀಗೇ ಬರ್ತೈತಿ."

"ಪಹಣ್ಯಾಗ ನಮ್ಮ ಮಾವನ ಹೆಸರೈತಲ್ಲೋ ಯಪ್ಪಾ. ಸಹಿ ಯಾರ ಕೈಲೆ ಮಾಡಸ್ತೀರಿ?"

"ಅದನ್ನೆಲ್ಲಾ ಅವ್ರು ನೋಡ್ಕೊಂತಾರ. ಮೊಬೈಲ್‌ನ್ಯಾಗ ಎಲ್ಲಾ ಚೆಕ್ ಮಾಡ್ಯಾರ."

ಎಲ್ಲಾ ಚೆಕ್ ಮಾಡಿದ್ದಾರೆ ಎಂಬ ಮಾತಿನ ಮೇಲೆ ಇಡೀ ಪ್ರಕರಣ ನಿಂತಿದೆ. ಏನನ್ನು ಚೆಕ್ ಮಾಡಿದ್ದಾರೆ? ಸಾಲ ಇದೆಯೇ, ವ್ಯಾಜ್ಯ ಇದೆಯೇ, ರಸ್ತೆಗೆ ಮುಖ ಎಷ್ಟು, ಎಷ್ಟು ಜನ ವಾರಸುದಾರರು ಎಂಬುದನ್ನು ನೋಡಿದ್ದಾರೆ. ವಲಯವನ್ನೂ ನೋಡಿದ್ದಾರೆಯೇ? ನೋಡಿಲ್ಲವಾದರೆ ಎಲ್ಲಾ ಚೆಕ್ ಮಾಡಿದೆವೆಂಬುದು ಸುಳ್ಳು. ನೋಡಿ, ಅಲ್ಲಿ ಕಟ್ಟಡ ನಿಲ್ಲುವಂತಿಲ್ಲವೆಂದು ತಿಳಿದೂ, ಕೆಡವುವ ತನಕ ಬಂದಷ್ಟು ಬರಲಿ, ಕೆಡವಿದ ಮೇಲೆ ಗದ್ದೆ ಅವಳದು, ಕೇಸು ಅವಳದು ಎಂದು ಲೆಕ್ಕ ಹಾಕಿದ್ದರೆ ಅದು ಸುಳ್ಳಿಗಿಂತ ಕೆಟ್ಟದ್ದು.

ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಮ್ಮ ಭೂಸುಧಾರಣಾ ಕಾಯ್ದೆ ತಡೆದಿರುವುದರಿಂದ ಇಂಥ ಕರಾರು ಸಾಮಾನ್ಯವಾಗಿ ನೋಂದಣಿ ಕಚೇರಿ ಮುಟ್ಟುವುದಿಲ್ಲ. ಬಾಂಡ್ ಪೇಪರಿನ ಮೇಲೆ ಬರೆದು, ಇಬ್ಬರು ಸಾಕ್ಷಿ ಹಾಕಿ, ಟ್ರಂಕಿನಲ್ಲಿ ಇಟ್ಟುಕೊಳ್ಳುವುದು. ಋಣಭಾರ ಪತ್ರ (ಇಸಿ) ತೆಗೆಸಿದರೂ ಅದು ಕಾಣುವುದಿಲ್ಲ. ದುಡಿದುಕೊಂಡವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನೋಟಿಸು ಅಂಟಿಸಲು ಬಂದವರಿಗೆ ಪಹಣಿಯಲ್ಲಿ ಸಿಗುವುದು ಅವಳ ಮಾವನ ಹೆಸರು.

ಬಂದವನ ಪರವಾಗಿಯೂ ಒಂದು ವಾದವಿದೆ, ಅದನ್ನು ಕೇಳಿಸಿಕೊಳ್ಳಬೇಕು. ದಾಖಲೆ ಎಲ್ಲರಿಗೂ ತೆರೆದಿದೆ, ಅವಳೂ ನೋಡಬಹುದಿತ್ತು, ನಾನು ಓದಿಕೊಂಡು ಬಂದದ್ದು ನನ್ನ ಜಾಣತನ, ಅದು ತಪ್ಪು ಹೇಗಾದೀತು ಎಂದು ಅವನು ಕೇಳುತ್ತಾನೆ. ಇದಕ್ಕೆ ಉತ್ತರ ಧರ್ಮಶಾಸ್ತ್ರದಲ್ಲಿ ಹುಡುಕಬೇಕಿಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಮಾರುವವನು ಆಸ್ತಿಯ ಗುಪ್ತದೋಷವನ್ನು ಹೇಳಬೇಕು ಎಂಬುದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 55 ಮತ್ತು 108ನೇ ಕಲಮುಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಕೊಡುವವರಿಗೆ ತಮ್ಮ ಹಕ್ಕಿನ ಬಗ್ಗೆ ಗೊತ್ತಿಲ್ಲದ, ಆ ಹಕ್ಕಿನ ಬೆಲೆ ಗಣನೀಯವಾಗಿ ಹೆಚ್ಚಿಸುವ ಸಂಗತಿ ಕೊಳ್ಳುವವನಿಗೋ ಲೀಸಿಗೆ ಹಿಡಿಯುವವನಿಗೋ ಗೊತ್ತಿದ್ದರೆ, ಅದನ್ನು ಅವನು ಬಾಯಿಬಿಟ್ಟು ಹೇಳಲೇಬೇಕು. ಬ್ರಿಟಿಷರ ಕಾಲದ ಕಾನೂನೂ ತಿಳಿವಳಿಕೆಯನ್ನು ಬರೀ ಜಾಣತನವೆಂದು ಬಿಡಲಿಲ್ಲ, ಅದಕ್ಕೆ ಹೊಣೆ ಅಂಟಿಸಿತು. ವಲಯದ ವಿಷಯ ಈ ಕಲಮುಗಳೊಳಗೆ ನೇರವಾಗಿ ಬರುತ್ತದೋ ಇಲ್ಲವೋ ವಕೀಲರು ವಾದಿಸಲಿ. ಓದಬಲ್ಲವನು ಓದಲಾರದವರ ಎದುರು ಕೂತು ಕರಾರು ಮಾಡುವಾಗ, ತಾನು ಓದಿದ್ದನ್ನು ಮೊದಲು ಮೇಜಿನ ಮೇಲಿಡಬೇಕು. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

ತೆರೆದ ದಾಖಲೆ ತಾನಾಗಿಯೇ ಸಮಾನತೆ ತರುವುದಿಲ್ಲ ಎಂಬುದನ್ನು ಕರ್ನಾಟಕ ಮೊದಲೇ ಕಂಡಿದೆ. ಭೂಮಿ ಯೋಜನೆಯಲ್ಲಿ 2002ರ ಹೊತ್ತಿಗೆ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಬಂತು. ಆಗ 15 ರೂಪಾಯಿಗೆ ಪಹಣಿ ಕೈಗೆ ಸಿಗುವಂತಾದದ್ದು ಸಣ್ಣ ಸಂಗತಿಯಲ್ಲ. ತಲಾಟಿಯ ಮನೆ ಬಾಗಿಲಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. ಆದರೂ 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಅಧ್ಯಯನದಿಂದ ಒಂದು ಕಹಿ ಮಾತು ಹೇಳಿದರು: ದಾಖಲೆ ಒಂದೆಡೆ ಸೇರಿ ಸ್ಪಷ್ಟವಾದಾಗ ಅದನ್ನು ಹೆಚ್ಚು ಬಳಸಿಕೊಂಡವರು ದೊಡ್ಡ ಪ್ರಮಾಣದಲ್ಲಿ ನೆಲ ಹುಡುಕುತ್ತಿದ್ದ ಬಲವಂತರು. ದೀಪ ಹಚ್ಚಿಟ್ಟರೆ ಕಣ್ಣಿದ್ದವನಿಗೂ ಬೆಳಕು, ಕಳ್ಳನಿಗೂ ಬೆಳಕು. ಹಾಗೆಂದು ಅದನ್ನು ಆರಿಸಬೇಕೆಂದು ನಾನು ಹೇಳಲಾರೆ. ನೆರೆಯವನ ಪಹಣಿ ನೋಡುವುದು ತಪ್ಪಲ್ಲ. ಕೆರೆ, ಗೋಮಾಳ, ಹಳ್ಳದ ಒತ್ತುವರಿಯನ್ನು ಹಿಡಿದವರು ಹೀಗೆ ನೋಡಿದವರೇ. ಸರ್ವೆ ನಂಬರು ಹಾಕಿ ವಿಧವೆಯ ಸಾಲ ಎಷ್ಟಿದೆಯೆಂದು ತಿಳಿದು, ಆ ಸಾಲದ ಕಂತು ಬರುವ ತಿಂಗಳಲ್ಲೇ ಮುಂಗಡ ಹಿಡಿದು ಬಾಗಿಲಿಗೆ ಬರುವುದು ಬೇರೆ. ಎರಡೂ ಕಡೆ ಒತ್ತಿದ್ದು ಅದೇ ನಂಬರು, ತೆರೆದದ್ದು ಅದೇ ಪುಟ.

ಊರಿನ ಹುಡುಗನ ಬಗ್ಗೆ ನನಗೆ ಸಿಟ್ಟು ಕಡಿಮೆ, ಮರುಕ ಹೆಚ್ಚು. ಅವನಿಗೂ ಪೂರ್ತಿ ಗೊತ್ತಿಲ್ಲ. ಗಡ್ಡೆಯಲ್ಲಿ ಅಡುಗೆ ಮಾಡಿಕೊಂಡೋ ಬೈಕು ಬಾಡಿಗೆಗೆ ಕೊಟ್ಟೋ ಬದುಕಿದವರ ಪೈಕಿ ಅವನೂ ಒಬ್ಬನಿರಬಹುದು. ಅವಳನ್ನೂ ಪೂರ್ತಿ ನಿರ್ದೋಷಿ ಎಂದು ಕೈಬಿಡಲಾರೆ. ಗಡ್ಡೆ ನೆಲಸಮವಾದದ್ದು ಊರಿಗೆಲ್ಲ ಗೊತ್ತಿದ್ದ ಮೇಲೆ, ಇಲ್ಲೂ ಹಾಗೇ ಆದೀತೇ ಎಂದು ಒಂದು ಮಾತು ಕೇಳುವಷ್ಟು ಎಚ್ಚರ ಅವಳ ಪಾಲಿಗೂ ಬರುತ್ತದೆ. ಆದರೆ ಕೇಳಲು ಅವಳು ಹೋಗಬೇಕಾದದ್ದು ಎಲ್ಲಿಗೆ? ಪಹಣಿಗೆ ನಾಡಕಚೇರಿ, ಪೌತಿಗೆ ಗ್ರಾಮ ಆಡಳಿತ ಅಧಿಕಾರಿ, ಅಳತೆಗೆ ಸರ್ವೆ ಇಲಾಖೆ, ಮನೆಯ ಇ-ಸ್ವತ್ತಿಗೆ ಪಂಚಾಯಿತಿ, ಕೃಷಿಯೇತರ ಬಳಕೆಗೆ ಎನ್‌ಎ ಮಾಡಿಸಲು ಜಿಲ್ಲಾಧಿಕಾರಿ ಕಚೇರಿ, ವಲಯಕ್ಕೆ ಹೊಳೆಯಾಚೆಯ ಪ್ರಾಧಿಕಾರ. ಒಂದೊಂದು ಕಚೇರಿಯೂ ತನ್ನ ಗೆರೆಯನ್ನಷ್ಟೇ ಹೇಳುತ್ತದೆ. ಎಲ್ಲ ಗೆರೆಗಳೂ ಒಟ್ಟಿಗೆ ಬೀಳುವ ಜಾಗ ಅವಳ ಎರಡೆಕರೆ ಮಾತ್ರ.

ಆದ್ದರಿಂದ ದೊಡ್ಡ ಪಾಲಿನ ಹೊಣೆ ಸರ್ಕಾರದ್ದೇ ಎಂದು ನಾನು ಹೇಳುತ್ತೇನೆ. ನಕ್ಷೆ ಬರೆದವರಿಗೆ ಅದನ್ನು ಓದಿ ಹೇಳುವ ಹೊಣೆ ಮೊದಲು ಬರುತ್ತದೆ. ಈ ವಿಷಯದಲ್ಲಿ ಸರ್ಕಾರದ ಸ್ವಂತ ನಡತೆಯೂ ನಿರ್ಮಲವಲ್ಲ. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ, ಪಾರಂಪರಿಕ ನೆಲದ ಮಧ್ಯದಲ್ಲೇ ಸೇತುವೆ ಕಟ್ಟಲು ಹೊರಟದ್ದು ಸರ್ಕಾರವೇ. ಅದರಿಂದಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ನಿಂತಿದ್ದ ಕೆಲಸ ಮತ್ತೆ ಶುರುವಾಗಿ 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಅಷ್ಟಾಗಿಯೂ ನಕ್ಷೆ ಹಳ್ಳಿಯವರ ಮುಂದೆ ಬಿಚ್ಚಿಕೊಳ್ಳಲಿಲ್ಲವೆಂದರೆ, ಹನುಮನಹಳ್ಳಿಯವರನ್ನು ಕಾನೂನು ಗೊತ್ತಿಲ್ಲದವರೆಂದು ಗದರಿಸುವುದು ನ್ಯಾಯವಲ್ಲ.

ಈ ಮಾತಿನಲ್ಲಿ ಇನ್ನೂ ಕೆಳಗಿನವರೊಬ್ಬರಿದ್ದಾರೆ. ಗದ್ದೆಯೂ ಇಲ್ಲದ, ಗ್ರಾಮಠಾಣದ ಗೆರೆಯ ಆಚೆ ಗುಡ್ಡದ ಬುಡದಲ್ಲೋ ಕಾಲುವೆ ದಂಡೆಯಲ್ಲೋ ಮನೆ ಹಾಕಿಕೊಂಡು ನಾಟಿ, ಕೊಯ್ಲು, ಹೋಟೆಲಿನ ಪಾತ್ರೆ ಎಂದು ದುಡಿಯುವವರು. ಪಹಣಿಯಲ್ಲಿ ಇವರ ಹೆಸರು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಸರ್ಕಾರಿ ಜಾಗದ ಮನೆಗಳನ್ನು ಸಕ್ರಮ ಮಾಡಲು 94ಸಿ ಎಂಬ ಕಲಮು ಇದೆ. ಸಂರಕ್ಷಿತ ನೆಲದಲ್ಲಿ ಅದರ ಆಸೆಯೂ ಕ್ಷೀಣ. ಗಡ್ಡೆ ಕೆಡವಿದಾಗ ರೆಸಾರ್ಟಿನವರಿಗೆ ಹನುಮನಹಳ್ಳಿಯಾದರೂ ಇತ್ತು.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ಪ್ರಾಧಿಕಾರದ ಬಳಿ ವಲಯಗಳ ನಕ್ಷೆ ಇದೆ, ಸರ್ವೆ ಇಲಾಖೆಯ ಬಳಿ ಗ್ರಾಮ ನಕ್ಷೆ ಇದೆ. ಎರಡನ್ನೂ ಹೊಂದಿಸಿ, ಸರ್ವೆ ನಂಬರು ಮತ್ತು ಹಿಸ್ಸಾವಾರು ಪಟ್ಟಿ ಮಾಡಿ, ಯಾವ ನಂಬರಿನಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ಕನ್ನಡದಲ್ಲಿ ಬರೆದು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಗಡ್ಡೆಯ ತೀರ್ಪಿನ ಸಾರವನ್ನೂ ಅಲ್ಲೇ ಓದಬೇಕು. ಓದುವಾಗ ಹೆಣ್ಣುಮಕ್ಕಳು ಕೂತಿರಬೇಕು. ಪಹಣಿಯಲ್ಲಿ ಹೆಸರು ಇಲ್ಲದವರನ್ನು ಹೆಸರು ಹಿಡಿದು ಕರೆಯಬೇಕು. ಪೌತಿ ಆಗದ ಖಾತೆಗಳನ್ನು ಅದೇ ದಿನ ಬರೆದುಕೊಳ್ಳಬೇಕು. 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲಕ್ಕೆ ಜಾಗವಿರುವಾಗ ವಲಯದ ಹೆಸರಿಗೂ ಒಂದು ಸಾಲು ಸಿಗಬೇಕು. ಅಲ್ಲಿಯವರೆಗೆ ಅಂಜನಾದ್ರಿಯ ಸುತ್ತಲಿನ ರೈತರು ಲೀಸಿನ ಮುಂಗಡ ಮುಟ್ಟುವ ಮೊದಲು, ತಮ್ಮ ಸರ್ವೆ ನಂಬರಿನ ವಲಯ ಯಾವುದೆಂದು ಪ್ರಾಧಿಕಾರದಿಂದ ಸಹಿ-ಮುದ್ರೆ ಇರುವ ಪತ್ರವನ್ನು ಕೇಳಿ ಪಡೆಯಲಿ. ಬಾಯಿಮಾತಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಅದರ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಕಚೇರಿಗೆ ಇರುವ ಗಡುವು 30 ದಿನ.